ಬಲ ಹೆಗಲಿನ ಸೆರಗು

ಡಿಸೆಂಬರ್ ತಿಂಗಳ ಒಂದು ರವಿವಾರ, ಖಾನಾಪುರದಲ್ಲಿ ಮಲಪ್ರಭೆಯ ಮೆಟ್ಟಿಲ ಮೇಲೆ ಕೂತು, ಗಂಗಾದೇವಿ ಮುಖಕ್ಕೆ ಸುತ್ತಿದ್ದ ಓಢಣಿಯನ್ನು ಬಿಚ್ಚಿ, ಮಡಚಿ, ಚೀಲದಲ್ಲಿಟ್ಟಳು. ಹದಿಮೂರು ವರ್ಷಗಳಲ್ಲಿ ಮನೆಯ ಹೊರಗೆ ಆಕೆ ಹಾಗೆ ಮಾಡಿದ್ದು ಅದೇ ಮೊದಲು.

ನದಿಯ ಗಾಳಿ ಕೆನ್ನೆಗೆ ತಾಗಿತು. ಅಯ್ಯ, ಗಾಳಿ ಇಷ್ಟು ತಣ್ಣಗಿರುತ್ತದಾ ಅಂದುಕೊಂಡಳು. ಬಾಜೂ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು ಒಮ್ಮೆ ನೋಡಿದರು, ಇನ್ನೊಮ್ಮೆ ನೋಡಿದರು, ಆಮೇಲೆ ತಮ್ಮ ಕೆಲಸಕ್ಕೆ ಬಿದ್ದರು. ನೋಡಲಿ ಬಿಡು. ಇವತ್ತು ಯಾರು ನೋಡಿದರೂ ಅಡ್ಡಿಯಿಲ್ಲ, ಬರಬೇಕಾದವನು ಬಂದು ನೋಡಿದರೆ ಸಾಕು.

ಬರಬೇಕಾದವನ ಹೆಸರು ಓಂಕಾರ. ಬೆಳಗಾವಿಯ ಶಹಾಪುರದವನು. ಹನ್ನೊಂದಕ್ಕೆ ಬರುತ್ತೇನೆ ಅಂದಿದ್ದ. ಆಗಿನ್ನೂ ಹತ್ತೂವರೆ.

ಗಂಗಾಳ ಮುಖದ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹತ್ತೊಂಬತ್ತರ ವಯಸ್ಸಿನಲ್ಲಿ ಬೆರಳ ತುದಿಗೆ ಒಂದು ಬಿಳಿ ಚುಕ್ಕೆ ಬಂತು. ವರ್ಷದೊಳಗೆ ತುಟಿಯ ಸುತ್ತ ಹಬ್ಬಿತು, ಆಮೇಲೆ ಎಡಗಣ್ಣಿನ ಸುತ್ತ, ಕೆನ್ನೆಯವರೆಗೆ. ನೋವಿಲ್ಲ, ತುರಿಕೆಯಿಲ್ಲ, ಒಬ್ಬರಿಂದೊಬ್ಬರಿಗೆ ಅಂಟುವುದೂ ಇಲ್ಲ. ಅದೆಲ್ಲ ಡಾಕ್ಟರ ಮಾತು. ಊರ ಮಾತೇ ಬೇರೆ. ಕಾಕತಿಯ ತವರುಮನೆಗೆ ಮೂರು ಕಡೆಯಿಂದ ಗಂಡಿನವರು ಬಂದರು, ಚಹಾ ಕುಡಿದರು, "ಊರಿಗೆ ಹೋಗಿ ಫೋನ್ ಮಾಡ್ತೀವ್ರಿ" ಅಂದರು. ಫೋನ್ ಬರಲಿಲ್ಲ. ತಂಗಿ ನೇತ್ರಾಳನ್ನು ನೋಡಲು ಜನ ಬರತೊಡಗಿದಾಗ ಗಂಗಾ ಹಿತ್ತಲ ಕೋಣೆಯಲ್ಲಿ ಕೂರುವುದು ರೂಢಿಯಾಯಿತು. ಯಾರೂ ಕೂರು ಅನ್ನಲಿಲ್ಲ, ಯಾರೂ ಏಳು ಅನ್ನಲೂ ಇಲ್ಲ. ಒಂದು ದಿನ ಆಕೆಯೇ ಬಟ್ಟೆ ಕಟ್ಟಿಕೊಂಡು, ಮಡಕೆಗಳ ಮೇಲೆ ಚಿತ್ರ ಬರೆಯುವ ಕೆಲಸ ಸಿಕ್ಕಿದೆ ಅಂತ ಖಾನಾಪುರಕ್ಕೆ ಬಂದಳು. ತಂಗಿಯ ಲಗ್ನ ಆಯಿತು. ಲಗ್ನಪತ್ರಿಕೆಯಲ್ಲಿ ಮನೆಯವರೆಲ್ಲರ ಹೆಸರಿತ್ತು, ಗಂಗಾಳದೊಂದು ಬಿಟ್ಟು. ಅಚ್ಚಿನವರ ತಪ್ಪು ಅಂದಳು ಅವ್ವ.

ಈಗ ಗಂಗಾಗೆ ಮೂವತ್ತೆರಡು. ಕಾಡವ್ವ ಎಂಬ ಮುದುಕಿಯ ಮನೆಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು, ಮಕ್ಕಳ ಪುಸ್ತಕಗಳಿಗೆ ಟ್ಯಾಬಿನಲ್ಲಿ ಚಿತ್ರ ಬರೆದು ಬದುಕುತ್ತಾಳೆ. ಈ ಕೆಲಸದಲ್ಲಿ ಒಂದು ಅನುಕೂಲ: ಮುಖ ತೋರಿಸಬೇಕಿಲ್ಲ. ಒಂದು ಕಷ್ಟವೂ ಇದೆ: ವಾರಗಟ್ಟಲೆ ಒಂದು ಮಾತಾಡದಿದ್ದರೂ ಕೆಲಸ ನಡೆಯುತ್ತದೆ.

ಓಂಕಾರ ಸಿಕ್ಕಿದ್ದು ಒಂದು ವಾಟ್ಸಾಪ್ ಗ್ರೂಪಿನಲ್ಲಿ. ಅದರ ಹೆಸರು 'ಅರ್ಧಂಬರ್ಧ'. ಕಟ್ಟಿದವರು ಬೆಳಗಾವಿಯ ನಿವೃತ್ತ ಡ್ರಾಯಿಂಗ್ ಟೀಚರ್ ಶಮಶಾದ. ಇಪ್ಪತ್ತೆರಡು ಮಂದಿ ಚಿತ್ರ ಬರೆಯುವವರು, ರೂಲ್ ಒಂದೇ: ಪ್ರತಿ ರವಿವಾರ ಮುಗಿಯದ ಚಿತ್ರವನ್ನೇ ಹಾಕಬೇಕು. ಮುಗಿದದ್ದನ್ನು ಹಾಕಿದವರು ದಂಡವಾಗಿ ತಮ್ಮದೇ ಚಿತ್ರಕ್ಕೆ ಕತ್ತೆಯ ಕಿವಿ ಬರೆದು ಹಾಕಬೇಕು. "ಮುಗದ ಚಿತ್ರಕ್ಕ ಚಪ್ಪಾಳಿ ಸಿಗತಾವ, ಅರ್ಧಾ ಚಿತ್ರಕ್ಕ ಗೆಳ್ಯಾರು ಸಿಗತಾರ" ಎಂಬುದು ಟೀಚರ ಮಾತು.

ಗಂಗಾ ಮೊದಲ ಸಲ ಒಂದು ಕಾಗೆ ಹಾಕಿದಳು. ಐದು ನಿಮಿಷಕ್ಕೆ ಓಂಕಾರನ ಉತ್ತರ ಬಂತು.

"ಕಾಗಿ ಕಾಲ ಹಿಂದಕ್ಕ ಮಡಚತಾವ್ರಿ. ನಿಮ್ಮ ಕಾಗಿ ಬಸ್ಸಿಗೆ ಕಾಯೂ ಮಾಸ್ತರಂಗ ನಿಂತೈತಿ."

ಗಂಗಾಗೆ ರೇಗಿತು. ಆತ ಶಹಾಪುರದ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗೆ ಚಿತ್ರ ಬರೆಯುವವನು. ಆ ವಾರ ಅರ್ಧ ಬರೆದ ಗಣಪತಿಯನ್ನು ಹಾಕಿದ್ದ.

"ನೀವು ಮೊದಲ ಗಣಪ್ಪನ ಕಣ್ಣ ಸರಿ ಮಾಡ್ರಿ. ಒಂದ ಕಣ್ಣ ವಧುವಿನ ಹೆಸರ ಮ್ಯಾಲ, ಇನ್ನೊಂದ ಊಟದ ಟೈಮಿನ ಮ್ಯಾಲ ಐತಿ."

ಗ್ರೂಪೆಲ್ಲ ನಕ್ಕಿತು. ಓಂಕಾರ ನಕ್ಕವನು ಬೇರೆಯಾಗಿ ಒಂದು ಮೆಸೇಜ್ ಹಾಕಿದ: "ಖರೇ ಹೇಳಿದ್ರಿ. ನಾಕ ವರ್ಷದಿಂದ ಅದ ಗಣಪ್ಪನ್ನ ಅಚ್ಚ ಹಾಕಾಕತ್ತೀನಿ, ಒಬ್ಬರೂ ನೋಡಿದ್ದಿಲ್ಲ." ಹಾಗೆ ಶುರುವಾದದ್ದು ವರ್ಷದವರೆಗೆ ನಡೆಯಿತು. ಫೋನಿನಲ್ಲಿ ಮಾತಾಡಲಿಲ್ಲ, ಇಬ್ಬರಿಗೂ ಬರೆಯುವುದೇ ಸಲೀಸು. ಆತನ ಚಿತ್ರಗಳಲ್ಲಿ ಖಾನಾವಳಿಯ ಒಂದು ಮೇಜು ಪದೇ ಪದೇ ಬರುತ್ತಿತ್ತು. ಈಚೆ ತಟ್ಟೆಯಲ್ಲಿ ರೊಟ್ಟಿ, ಆಚೆ ಖಾಲಿ ಕುರ್ಚಿ.

"ಆ ಕುರ್ಚಿ ಯಾರದು?" ಅಂತ ಗಂಗಾ ಒಮ್ಮೆ ಕೇಳಿದಳು.

"ಅದ ನಂಗೂ ಗೊತ್ತಿಲ್ರಿ. ನೂರಾರು ಮಂದಿ ಲಗ್ನದ ಕಾರ್ಡ್ ಮಾಡೀನಿ, ನಂದೊಂದ ಮಾಡಲಿಲ್ಲ. ಮೂವತ್ತಾರ ಆತು." ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು: "ಕಾರ್ಡಿನಾಗ ಯಾರ ಹೆಸರ ಬಿಟ್ಟಾರ ನೋಡಿದ್ರ ಸಾಕ್ರಿ, ಆ ಮನಿ ದುಃಖ ಎಲ್ಲಾ ತಿಳೀತೈತಿ."

ಆ ದಿನದಿಂದ ಗಂಗಾಗೆ ಆತ ಬರೀ ಗೆಳೆಯನಾಗಿ ಉಳಿಯಲಿಲ್ಲ.

ಇಬ್ಬರಿಗೂ ಒಂದು ಮುಗಿಯದ ಜಗಳವಿತ್ತು. "ನಿಮಗೇನ್ರಿ, ಟ್ಯಾಬಿನಾಗ ಬಿಳೇ ಬಣ್ಣ ಒತ್ತಿದ್ರ ಬರತೈತಿ. ನಮ್ಮ ವಾಟರ್ ಕಲರಿನಾಗ ಬಿಳೇದು ಹಚ್ಚೂದಲ್ಲ, ಬಿಡೂದು. ಬೆಳಕ ಬೀಳೂ ಜಾಗಾದಾಗ ಹಾಳಿ ಮುಟ್ಟಬಾರದು" ಅನ್ನುತ್ತಿದ್ದ ಆತ. ಗಂಗಾ ತನ್ನ ಬೆರಳ ತುದಿಗಳನ್ನು ನೋಡಿಕೊಳ್ಳುತ್ತಿದ್ದಳು.

"ನಿಮ್ಮ ಫೋಟೊ ಒಂದೂ ಇಲ್ಲೇನ್ರಿ? ಡಿಪಿಯಾಗೂ ಕಾಗಿನ ಐತಿ" ಅಂತ ಒಂದು ದಿನ ಕೇಳಿದ. ತನ್ನದನ್ನು ಎಂದೋ ಕಳಿಸಿದ್ದ: ಕನ್ನಡಕ, ಬಡಕಲು ಮುಖ, ಕಿವಿಗೆ ಮೆತ್ತಿದ ನೀಲಿ ಬಣ್ಣ.

"ನಂದು ಇನ್ನೂ ಸ್ಕೆಚ್ ಮುಗದಿಲ್ರಿ."

"ಅರ್ಧಂಬರ್ಧನ ಕಳಸ್ರಿ. ರೂಲ್ ಐತೆಲ್ಲ!"

ಗಂಗಾ ಎರಡು ದಿನ ಫೋನ್ ಮುಟ್ಟಲಿಲ್ಲ. ಮೂರನೆಯ ದಿನ ನೋಡಿದರೆ ಆತ ಬರೀ ಒಂದು ಚಹಾ ಕಪ್ಪಿನ ಚಿತ್ರ ಹಾಕಿದ್ದ. ಮತ್ತೆಂದೂ ಫೋಟೊ ಕೇಳಲಿಲ್ಲ. ಕೇಳದೆ ಇದ್ದುದಕ್ಕೇ ಆಕೆ ಸೋತಳು, ಖರೇ ಹೇಳಬೇಕೆಂದರೆ.

ಡಿಸೆಂಬರಿನಲ್ಲಿ ಆತ ಬರೆದ: "ಒಂದ ಸಲ ಭೆಟ್ಟಿ ಆಗೂಣ್ರಿ. ನಿಮಗ ಬ್ಯಾಡ ಅನಿಸಿದ್ರ ಬ್ಯಾಡ." ಗಂಗಾ ಇಡೀ ದಿನ ಯೋಚಿಸಿದಳು. ತನ್ನ ಮುಖದ ಬಗ್ಗೆ ಬರೆದು ತಿಳಿಸಲು ನಾಲ್ಕು ಸಲ ಕೂತಳು, ನಾಲ್ಕು ಸಲವೂ ಅಳಿಸಿದಳು. ಬರೆದು ಹೇಳಿದರೆ ಆತ ಕರುಣೆಯಿಂದ ಬರುತ್ತಾನೆ. ಬಂದು ನೋಡಲಿ, ಆಮೇಲೆ ಏನಾಗುತ್ತದೋ ಆಗಲಿ.

ಆಗ ಆಕೆ ನದಿಯ ಚಿತ್ರ ಬರೆಯುತ್ತಿದ್ದಳು. ಹಳೆ ಸೇತುವೆಯ ನಡುವೆ ನಿಂತು ನೀರು ಹರಿಯುವ ಕಡೆ ನೋಡಿದರೆ ಎಡಗಡೆ ಊರ ದಂಡೆ, ಬಲಗಡೆ ಆಚೆ ದಂಡೆ. ಎರಡಕ್ಕೂ ಕಲ್ಲಿನ ಮೆಟ್ಟಿಲು, ಎರಡಕ್ಕೂ ಒಂದೊಂದು ಹೊಂಗೆ ಮರ. ಹೊಸಬರಿಗೆ ಇದು ಯಾವುದು, ಅದು ಯಾವುದು ತಿಳಿಯುವುದೇ ಇಲ್ಲ. ಊರ ದಂಡೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುವ ಕಾಡವ್ವನನ್ನು ಬರೆದಿದ್ದಳು. ಪಕ್ಕದಲ್ಲಿ ಒಂದು ಆಳಿನಷ್ಟು ಜಾಗಕ್ಕೆ ಬಣ್ಣ ತುಂಬಿರಲಿಲ್ಲ. ಅದನ್ನೇ ಓಂಕಾರನಿಗೆ ಕಳಿಸಿದಳು.

"ರವಿವಾರ ಹನ್ನೊಂದಕ್ಕ. ಎಲ್ಲಿ ಅಂತ ಕೇಳಬ್ಯಾಡ್ರಿ. ಚಿತ್ರದಾಗ ಒಂದ ಜಾಗಾ ಖಾಲಿ ಬಿಟ್ಟೀನಿ. ಸೇತುವಿ ಮ್ಯಾಲ ನಿಂತ ನೋಡ್ರಿ. ಅಲ್ಲೇ ಕುಂತಿರತೀನಿ."

"ಬಂದು ಬಣ್ಣಾ ನಾ ತುಂಬಲ್ಯಾ?" ಅಂದ ಆತ. ಗಂಗಾ ಫೋನನ್ನು ದಿಂಬಿನಡಿ ಹಾಕಿ, ಒಬ್ಬಳೇ ಕೂತು ಕಿವಿವರೆಗೂ ನಕ್ಕಳು.

ಅಂಥ ಆಸೆಯಿಂದ ಆ ರವಿವಾರ ಮೆಟ್ಟಿಲ ಮೇಲೆ ಕೂತಿದ್ದಳು. ಬಿಸಿಲಿಗೆ ಕಲೆಗಳು ಉರಿಯುತ್ತವೆಂದು ಕಾಡವ್ವನ ನೀಲಿ ಛತ್ರಿ ತಂದಿದ್ದಳು. ಅದರ ಒಂದು ಕಡ್ಡಿ ಮುರಿದು ಜೋತಾಡುತ್ತಿತ್ತು.

ಹನ್ನೊಂದು ಹತ್ತಕ್ಕೆ ಸೇತುವೆಯ ಮೇಲೆ ಆತ ಕಾಣಿಸಿದ. ಫೋಟೊದಲ್ಲಿದ್ದದ್ದಕ್ಕಿಂತ ಉದ್ದ. ಹೆಗಲಿಗೆ ಬಣ್ಣದ ಚೀಲ. ನಡುವೆ ನಿಂತು ಫೋನ್ ತೆಗೆದು ನೋಡಿದ, ತಲೆ ಎತ್ತಿದ, ನೇರ ಆಕೆಯ ಕಡೆ ನೋಡಿದ. ಗಂಗಾ ಛತ್ರಿ ಬಾಜೂಕ್ಕೆ ಸರಿಸಿ, ಕೈ ಅರ್ಧ ಎತ್ತಿದಳು.

ಆತ ಮತ್ತೆ ಫೋನ್ ನೋಡಿದ. ಆಮೇಲೆ ತಿರುಗಿ, ಸರಸರ ಆಚೆ ದಂಡೆಯ ಕಡೆ ನಡೆದುಬಿಟ್ಟ.

ಅರ್ಧ ಎತ್ತಿದ ಕೈ ಹಾಗೇ ಉಳಿಯಿತು. ನೋಡಿದ, ಹೋದ. ಅಷ್ಟೇ. ಆಚೆ ದಂಡೆಯಿಂದಲೂ ಹೆದ್ದಾರಿಗೆ ದಾರಿಯಿದೆ, ಬಸ್ಸು ಸಿಗುತ್ತದೆ. ಗಂಗಾ ಛತ್ರಿಯನ್ನು ಮುಖದ ಮುಂದೆ ಹಿಡಿದು ಕೂತಳು. ಬಟ್ಟೆ ಒಗೆಯುವವರಿಗೆ ಅಳು ಕಾಣಬಾರದಿತ್ತು. ಇನ್ನು ಸ್ವಲ್ಪ ಹೊತ್ತಿಗೆ "ಸಾರಿ, ಅರ್ಜೆಂಟ್ ಕೆಲಸ ಬಂತು" ಅಂತ ಮೆಸೇಜ್ ಬರುತ್ತದೆ. ಗಂಡಿನವರ ಬಾಯಲ್ಲಿ ಮೂರು ಸಲ ಕೇಳಿದಂಥದೇ ನೆಪ ಅದು. ಆತನ ಬಾಯಲ್ಲೂ ಕೇಳುವ ಶಕ್ತಿ ಇರಲಿಲ್ಲ. ಅಲ್ಲೇ ಕೂತು ಆತನ ನಂಬರ್ ಬ್ಲಾಕ್ ಮಾಡಿದಳು, ಗ್ರೂಪಿನಿಂದ ಹೊರಬಿದ್ದಳು. ಒಂದು ತಾಸಿನ ಮೇಲೆ ಎದ್ದು, ಛತ್ರಿ ಮರೆಮಾಡಿಕೊಂಡೇ ಮೆಟ್ಟಿಲೇರಿ ಮನೆಗೆ ಹೋದಳು.

ಆಮೇಲಿನ ಮೂರು ತಿಂಗಳು ಹೇಗೆ ಕಳೆದವು ಅಂತ ಕೇಳಿದರೆ ಹೇಳಲು ಏನೂ ಇಲ್ಲ, ಅದೇ ಅದರ ಕಷ್ಟ. ಸೋಮವಾರದಿಂದ ಶನಿವಾರ ಹೇಗೋ ಹೋಗುತ್ತಿತ್ತು. ರವಿವಾರ ಬಂದರೆ ಕೈ ತಾನಾಗಿ ಫೋನಿಗೆ ಹೋಗುತ್ತಿತ್ತು, ಅಲ್ಲಿ ಯಾರೂ ಇರುತ್ತಿರಲಿಲ್ಲ. ಮನುಷ್ಯರ ಚಿತ್ರ ಬರೆಯುವುದನ್ನೇ ಬಿಟ್ಟಳು. ಆನೆ, ಅಳಿಲು, ಮೀನು ಅಷ್ಟೇ. ಕಾಗೆ ಬರೆಯಬೇಕಾಗಿ ಬಂದಾಗ ಕಾಲನ್ನು ಸರಿಯಾಗಿ ಹಿಂದಕ್ಕೆ ಮಡಚಿದಳು, ಆಮೇಲೆ ಟ್ಯಾಬ್ ಮುಚ್ಚಿಟ್ಟು ಬಹಳ ಹೊತ್ತು ಕೂತಳು. ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು. ಸಿಟ್ಟು ಬರಲಿಲ್ಲ, ಆತನ ನೆನಪೇ ಬಂತು.

"ಯಾಕ ಯವ್ವಾ, ಉಣ್ಣವಲ್ಲಿ?" ಅಂತ ಕಾಡವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಹಸಿವಿಲ್ಲಬೇ."

"ಹಸಿವು ಇಲ್ದಾಂಗ ಮನಶ್ಯಾ ಇರತಾನೇನ? ದುಃಖಾನೂ ಉಂಡ ಮ್ಯಾಲ ಮಾಡಬೇಕು" ಅಂದು ರೊಟ್ಟಿ ಇಟ್ಟು ಹೋಗುತ್ತಿದ್ದಳು ಮುದುಕಿ.

ಹೋಳಿ ಮುಗಿದ ಮರುವಾರ ಕಾಡವ್ವ ಹೊಸ ಫೋನ್ ಹಿಡಿದು ಒಳಗೆ ಬಂದಳು. "ನದಿ ದಂಡಿಗೆ ನನ್ನ ಚಿತ್ರಾ ಬರದಿದ್ದೆಲ್ಲ, ಅದನ್ನ ಕಳಸು. ಜಾಂಬೋಟ್ಯಾಗ ಇರೂ ತಂಗಿಗೆ ತೋರಸ್ತೀನಿ. ಭಾಳ ಸೊಕ್ಕ ಮಾಡತಾಳ ಆಕಿ." ಗಂಗಾಗೆ ಆ ಚಿತ್ರ ನೋಡುವ ಮನಸ್ಸಿರಲಿಲ್ಲ. ಫೋನಿನಲ್ಲಿ ಹುಡುಕಿ, ತಾನು ನೋಡದೆಯೇ ಮುದುಕಿಯ ಕೈಗಿಟ್ಟಳು.

ಕಾಡವ್ವ ಫೋನನ್ನು ದೂರ ಹಿಡಿದಳು, ಹತ್ತಿರ ಹಿಡಿದಳು.

"ಅಯ್ಯ ಶಿವನ! ಇದೇನ ಬರದೀಯೇ? ನಾ ಯಾವಾಗ ಬಲ ಹೆಗಲ ಮ್ಯಾಲ ಸೆರಗ ಹೊತ್ತೀನಿ? ಮಾರವಾಡಿ ಬಾಯಿ ಮಾಡಿಯಲ್ಲ ನನ್ನ! ಮ್ಯಾಲ ಎಡಗೈಲೆ ಬಟ್ಟಿ ಒಗಿಯಾಕ ಹಚ್ಚೀದಿ. ತಂಗಿ ನೋಡಿದ್ರ ನಕ್ಕ ಸಾಯತಾಳ."

"ಇಲ್ಲಬೇ, ಸರೀ ಬರದೀನಿ..." ಅನ್ನುತ್ತ ಗಂಗಾ ಫೋನ್ ಇಸಿದುಕೊಂಡಳು. ನೋಡಿದಳು. ಕಾಡವ್ವನ ಸೆರಗು ಬಲ ಹೆಗಲಿನ ಮೇಲೇ ಇತ್ತು.

ಟ್ಯಾಬಿನಲ್ಲಿ ಬರೆಯುವವರಿಗೆಲ್ಲ ಒಂದು ಅಭ್ಯಾಸವಿರುತ್ತದೆ. ಬರೆದೂ ಬರೆದೂ ಕಣ್ಣು ಚಿತ್ರಕ್ಕೆ ಒಗ್ಗಿಹೋಗಿ ತಪ್ಪು ಕಾಣುವುದಿಲ್ಲ. ಆಗ ಒಂದು ಗುಂಡಿ ಒತ್ತಿ ಇಡೀ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಮಗುಚುತ್ತಾರೆ. ಓರೆಕೋರೆ ಥಟ್ಟನೆ ಕಾಣುತ್ತದೆ. ತಿದ್ದಿ, ಮತ್ತೆ ಒತ್ತಿ ಮೊದಲಿನಂತೆ ಮಾಡುತ್ತಾರೆ. ಗಂಗಾ ದಿನಕ್ಕೆ ಹತ್ತು ಸಲ ಮಾಡುವ ಕೆಲಸ ಅದು. ಆ ದಿನ, ಕಳಿಸುವ ಆತುರದಲ್ಲಿ, ಮಗುಚಿದ್ದನ್ನು ಮತ್ತೆ ಮಗುಚದೆ ಹಾಗೇ ಕಳಿಸಿಬಿಟ್ಟಿದ್ದಳು.

ಚಪ್ಪಲಿ ಮೆಟ್ಟಿದ್ದೂ ನೆನಪಿಲ್ಲ. ಓಡಿ ಹಳೆ ಸೇತುವೆಯ ನಡುವೆ ನಿಂತು ಫೋನ್ ಎತ್ತಿ ಹಿಡಿದಳು. ಚಿತ್ರದಲ್ಲಿ ಖಾಲಿ ಬಿಟ್ಟ ಜಾಗ ಬಲಗಡೆ ಇತ್ತು. ಬಲಗಡೆ ಅಂದರೆ ಆಚೆ ದಂಡೆ. ಅದೇ ಕಲ್ಲು, ಅದೇ ಹೊಂಗೆ ಮರ.

ಆತ ಆಕೆಯನ್ನು ಬಿಟ್ಟು ಹೋಗಿರಲಿಲ್ಲ. ಆಕೆಯನ್ನು ಹುಡುಕಿಕೊಂಡೇ ಹೋಗಿದ್ದ.

ಗಂಗಾ ಸೇತುವೆಯ ಕಟ್ಟೆ ಹಿಡಿದು ನಿಂತಳು. ನಗು ಬಂತು, ಅದರ ಹಿಂದೆಯೇ ಅಳು ಬಂತು. ಎಂಥ ಹುಚ್ಚಿ ನಾನು! ಪಾಪ, ಎಷ್ಟು ಹೊತ್ತು ಕಾದನೋ. ಮೆಸೇಜ್ ಹಾಕಿ ಹಾಕಿ ನೋಡಿರುತ್ತಾನೆ, ಒಂದೂ ಮುಟ್ಟಿರಲಿಕ್ಕಿಲ್ಲ. ಆಮೇಲೆ ಮನೆಯ ಕಡೆ ನಡೆಯುತ್ತಿದ್ದಾಗ ಇನ್ನೊಂದು ಯೋಚನೆ ಬಂದು ಕಾಲು ನಿಧಾನವಾಯಿತು. ಆ ದಿನ ನೋಡಿ ಹೋಗಲಿಲ್ಲ ಎಂಬುದೇನೋ ಖರೇ. ಆದರೆ ಅದರರ್ಥ ಆತ ಇನ್ನೂ ನೋಡಿಯೇ ಇಲ್ಲ. ನೋಡಿದ ಮೇಲೆ ಹೋದರೆ?

ಮರುದಿನ ಬೆಳಿಗ್ಗೆ ಶಮಶಾದ ಟೀಚರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದಳು.

"ಅರೆ ಬೇಟಾ, ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರ. ನೀ ನೋಡೂಕಿಂತ ಮೊದಲ ಬಾಗಲಾ ಹಾಕ್ಕೊಂಡಿ. ಅಂವಾ ನನ್ನ ಕಡೆ ಬಂದಿದ್ದ. ಆಕಿಗೆ ಬ್ಯಾಡಾಗಿದ್ರ ಬ್ಯಾಡ ಟೀಚರ್, ನೀವು ಕೇಳಾಕ ಹೋಗಬ್ಯಾಡ್ರಿ ಅಂದ."

"ಈಗೂ ಚಿತ್ರಾ ಹಾಕತಾರೇನ್ರಿ?"

"ಹಾಕತಾನ. ಪ್ರತಿ ರವಿವಾರ ಒಂದ ಚಿತ್ರ. ಒಂದ ವಾರ ಒಂದ ಎಲಿ, ಒಂದ ವಾರ ಒಂದ ಕಲ್ಲ ಕೂಡಸ್ತಾನ, ಮುಗಸೂದಿಲ್ಲ. ಎಂಥಾ ಚಿತ್ರಾ ಅಂತ ನಾ ಹೇಳೂದಿಲ್ಲ. ನಂಬರ್ ಬ್ಲಾಕ್ ತಗದು ಮಾತಾಡು."

"ಫೋನಿನಾಗ ಬ್ಯಾಡ್ರಿ ಟೀಚರ್. ಚಿತ್ರಾ ಕಳಿಸಿ ಆದ ಘಾತ ಸಾಕು. ಪ್ರೆಸ್ಸಿನ ವಿಳಾಸ ಹೇಳ್ರಿ."

ಬೆಳಗಾವಿಗೆ ಬಸ್ಸು ಮುಟ್ಟಿದಾಗ ಹನ್ನೆರಡಾಗಿತ್ತು. ಶಹಾಪುರದ ಓಣಿಯಲ್ಲಿ ಇನ್ನೂ ಕೆಲವು ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ಪ್ರೆಸ್ಸಿನ ಬಾಗಿಲಲ್ಲಿ ಗಂಗಾ ಓಢಣಿಯನ್ನು ಇನ್ನೊಮ್ಮೆ ಬಿಗಿದುಕೊಂಡಳು. ಕಣ್ಣಷ್ಟೇ ಕಾಣುತ್ತಿತ್ತು, ಅದರ ಮೇಲೂ ತಂಪು ಕನ್ನಡಕ. ಬಿಸಿಲಿಗೆ ಎಲ್ಲ ಹೆಂಗಸರೂ ಹಾಗೇ ಬರುತ್ತಾರೆ, ಯಾರೂ ಅನುಮಾನಪಡಲಿಲ್ಲ.

ಒಳಗೆ ಮೇಜಿನ ಹಿಂದೆ ಓಂಕಾರ ಕೂತಿದ್ದ. ಕಿವಿಗೆ ಇವತ್ತೂ ಬಣ್ಣ ಮೆತ್ತಿತ್ತು, ಹಳದಿ.

"ಬರ್ರಿ, ಕುಂದರ್ರಿ. ಲಗ್ನದ ಕಾರ್ಡೇನ್ರಿ?"

ಗಂಗಾ ಹೌದೆಂಬಂತೆ ತಲೆ ಆಡಿಸಿದಳು.

"ಲಗ್ನ ಯಾರದರಿ?"

"ನಂದ ಅಂತ ತಿಳಕೋರಿ."

"ತಿಳಕೊಂಡ ಕಾರ್ಡ್ ಮಾಡಾಕ ಬರೂದಿಲ್ರಿ" ಅಂತ ನಕ್ಕ. ನಗುವಿನಲ್ಲಿ ಜೀವವಿರಲಿಲ್ಲ, ಗಿರಾಕಿಗೆಂದು ನಕ್ಕದ್ದು. "ವರನ ಹೆಸರ ಬೇಕು, ಊರ ಬೇಕು. ಅಲ್ಲೀತನಾ ಇವನ್ನ ನೋಡ್ರಿ." ಮಾದರಿ ಕಾರ್ಡುಗಳ ಕಟ್ಟನ್ನು ಮುಂದೆ ಸರಿಸಿದ.

ಮೊದಲ ಕಾರ್ಡಿನ ಗಣಪತಿಯ ಎರಡೂ ಕಣ್ಣು ಈಗ ಒಂದೇ ಕಡೆ ನೋಡುತ್ತಿದ್ದವು. ಗಂಗಾ ಅದನ್ನು ಬೆರಳಿಂದ ಸವರಿದಳು. ಆಮೇಲೆ ತಲೆ ಎತ್ತಿದಾಗ ಆತನ ಹಿಂದೆ, ಗೋಡೆಗೆ ಆನಿಸಿದ ಹಲಗೆಯ ಮೇಲೆ, ಆ ಚಿತ್ರ ಕಂಡಿತು.

ಮಲಪ್ರಭೆ. ಆಚೆ ದಂಡೆಯಿಂದ ಕಂಡ ಊರ ದಂಡೆ. ಹೊಂಗೆಯ ನೆರಳು, ಕಲ್ಲು ಮೆಟ್ಟಿಲು, ನಡುವೆ ನೀಲಿ ಛತ್ರಿ ಹಿಡಿದು ಕೂತ ಒಬ್ಬ ಹೆಂಗಸು. ಮುಖ ಛತ್ರಿಯ ಹಿಂದೆ. ಛತ್ರಿಯ ಒಂದು ಕಡ್ಡಿ ಮುರಿದು ಜೋತುಬಿದ್ದಿತ್ತು.

"ಅದು... ಯಾರ್ರಿ ಅದು?" ಅಂದಳು ಗಂಗಾ.

ಓಂಕಾರ ತಿರುಗಿ ನೋಡಿದ. "ಗೊತ್ತಿಲ್ರಿ. ಖಾನಾಪುರಕ್ಕ ಹೋಗಿದ್ದೆ, ಅಲ್ಲಿ ನಂಗ ಒಬ್ಬರು ಭೆಟ್ಟಿ ಆಗಬೇಕಿತ್ತು. ಬರಲಿಲ್ಲ ಅವರು. ಇವರು ಎದುರ ದಂಡಿಗೆ ಕುಂತಿದ್ರು, ನನ್ನಂಗ ಒಬ್ಬರ. ಪಾಪ, ಇವರಿಗೂ ಯಾರೋ ಬರ್ತೀನಂದು ಬಂದಿಲ್ಲ ಅನಿಸ್ತು. ಅವರು ಎದ್ದ ಹೋಗೂತನಾ ನಾನೂ ಏಳಲಿಲ್ಲ. ಒಬ್ಬರಿಗೊಬ್ಬರು ಜೋಡಿ ಇದ್ದಂಗ ಆತು."

"ಮುಖಾ ಯಾಕ ಬರದಿಲ್ಲ?"

"ನೋಡದ ಮುಖಾ ಹೆಂಗ ಬರೀಲ್ರಿ?"

ಗಂಗಾ ಎದ್ದು ನಿಂತಳು. ತಂಪು ಕನ್ನಡಕ ತೆಗೆದಳು. ಓಢಣಿಯ ಗಂಟು ಬಿಚ್ಚಲು ಬೆರಳುಗಳು ಬಹಳ ಹೊತ್ತು ತೆಗೆದುಕೊಂಡವು. ಬಟ್ಟೆ ಹೆಗಲಿಗೆ ಜಾರಿತು.

"ಆ ಛತ್ರಿ ಕಾಡವ್ವಂದು" ಅಂದಳು. "ಕಡ್ಡಿ ಮೊದಲ ಮುರದಿತ್ತು, ನಾ ಮುರದಿದ್ದಲ್ಲ."

ಓಂಕಾರನ ಕಣ್ಣು ಒಂದು ಗಳಿಗೆ ಬೆಚ್ಚಿದವು. ಗಂಗಾ ಅದನ್ನು ಕಂಡಳು. ಕಾಣಲೆಂದೇ ಅಷ್ಟು ದೂರ ಬಂದಿದ್ದಳು. ಇನ್ನು ಮುಂದಿನದನ್ನೂ ಕಂಡೇ ಹೋಗುವುದೆಂದು ನೆಲ ನೋಡದೆ ನಿಂತಳು.

"ಗಂಗಾ... ದೇವಿ?" ಅನ್ನುತ್ತ ಎದ್ದು ನಿಂತ ಆತ. "ಕಾಗಿ?"

"ಹೌದ್ರಿ. ಮಾಸ್ತರ್ ಕಾಗಿ."

"ನಾ ಆಚಿ ದಂಡಿಗೆ... ಚಿತ್ರದಾಗ ಬಲಕ್ಕ ಇತ್ತಲ್ರಿ?"

"ಮಗುಚಿ ಕಳಿಸಿದ್ದೆ. ತಪ್ಪ ನಂದು. ಕಾಡವ್ವ ಸೆರಗ ನೋಡಿ ಹಿಡದಳು."

ಆತ ಕುರ್ಚಿಯಲ್ಲಿ ಕುಸಿದು, ಎರಡೂ ಕೈಯಿಂದ ತಲೆ ಹಿಡಿದುಕೊಂಡ. "ಅಯ್ಯೋ ದೇವರ! ನೂರ ಸಲ ನೋಡೀನಿ ಆ ಚಿತ್ರಾ. ಸೆರಗ ನಂಗ ಯಾಕ ಕಾಣಲಿಲ್ಲ? ಖಾಲಿ ಬಿಟ್ಟ ಜಾಗಾ ಒಂದ ನೋಡತಿದ್ದೆ ನಾ." ಆಮೇಲೆ ತಲೆ ಎತ್ತಿ ಕೇಳಿದ, "ಆದ್ರ ಬ್ಲಾಕ್ ಯಾಕ ಮಾಡಿದ್ರಿ?"

"ನೀವು ಸೇತುವಿ ಮ್ಯಾಲಿಂದ ನನ್ನ ನೋಡಿ ಹೋದ್ರಿ ಅಂತ ತಿಳದೆ."

"ನೋಡಿ ಯಾಕ ಹೋಗಲಿ?"

"ಇದಕ್ಕ" ಅಂದು ಗಂಗಾ ಬೆರಳನ್ನು ಕೆನ್ನೆಗಿಟ್ಟಳು. ಬೆರಳೂ ಬಿಳಿ, ಕೆನ್ನೆಯೂ ಬಿಳಿ. "ಎಲ್ಲಾರೂ ಇದನ್ನ ನೋಡೇ ಹೋದವರು. ಈಗ ನೀವು ಹೋದ್ರೂ ಅಡ್ಡಿ ಇಲ್ರಿ. ಖರೇ ಹೇಳಿದ್ರ ಸಾಕು."

ಪ್ರೆಸ್ಸಿನ ಮಷಿನ್ ಒಳಕೋಣೆಯಲ್ಲಿ ಖಟಖಟ ಅನ್ನುತ್ತಿತ್ತು. ಓಂಕಾರ ಸುಮ್ಮನೆ ನೋಡಿದ, ಚಿತ್ರ ಬರೆಯುವವರು ನೋಡುವ ಹಾಗೆ, ಅವಸರವಿಲ್ಲದೆ.

"ಸುಳ್ಳ ಹೇಳೂದಿಲ್ರಿ. ಎದಿ ಝಲ್ ಅಂತು. ಯಾಕಂದ್ರ ಒಂದ ವರ್ಷ ನಾನ ಒಂದ ಮುಖಾ ಮಾಡ್ಕೊಂಡ, ಅದರ ಕೂಡ ಮಾತಾಡತಿದ್ದೆ. ಅದಕ್ಕ ಈಗ ಹೋಗಿ ಬಾ ಅನ್ನಬೇಕಲ್ಲ." ಕನ್ನಡಕ ಸರಿಮಾಡಿಕೊಂಡ. "ಆತು, ಹೋತು ಅದು. ಕುಂದರ್ರಿ."

ಹಲಗೆಯ ಮೇಲಿನ ಚಿತ್ರ ತೆಗೆದು ಬಾಜೂಕಿಟ್ಟ. ಹೊಸ ಹಾಳೆ ಏರಿಸಿದ, ಬಟ್ಟಲಿಗೆ ನೀರು ತುಂಬಿದ. ಗಂಗಾಳನ್ನು ಕಿಟಕಿಯ ಬದಿಗೆ ಕೂರಿಸಿ, "ಸ್ವಲ್ಪ ಈಚೆ ಕಡೆ ತಿರಗ್ರಿ. ಹಾಂ, ಸಾಕು. ಇನ್ನ ಓಡಿ ಹೋಗಬ್ಯಾಡ್ರಿ" ಅಂದ.

ಪೆನ್ಸಿಲ್ಲಿನ ಸದ್ದು. ಆಮೇಲೆ ಕುಂಚದ ಸದ್ದಿಲ್ಲದ ಓಡಾಟ. ಗಂಗಾ ಓರೆಗಣ್ಣಿಂದ ನೋಡುತ್ತಿದ್ದಳು. ಹಣೆಗೆ ಗೋಧಿ ಬಣ್ಣ ಬಂತು. ಬಲಗೆನ್ನೆಗೆ ಬಂತು. ಮೂಗಿನ ಪಕ್ಕ ನೆರಳು ಬಂತು. ಕುಂಚ ಎಡಗಣ್ಣಿನ ಹತ್ತಿರ ಬಂದಾಗ ಆಕೆ ಉಸಿರು ಹಿಡಿದಳು. ಅದು ಕಲೆಯ ಅಂಚಿನವರೆಗೆ ಬಂದು, ಅಂಚನ್ನು ಸುತ್ತಿಕೊಂಡು, ಒಳಗೆ ಕಾಲಿಡದೆ ಕೆಳಗಿಳಿಯಿತು. ತುಟಿಯ ಸುತ್ತಲೂ ಹಾಗೇ ಮಾಡಿತು.

"ಅಲ್ಲಿ ಬಣ್ಣಾ?" ಅಂದಳು ಗಂಗಾ.

"ಅಲ್ಲಿ ಹಾಳಿ ಮುಟ್ಟೂದಿಲ್ರಿ" ಅಂದ ಓಂಕಾರ, ಚಿತ್ರದಿಂದ ಕಣ್ಣು ತೆಗೆಯದೆ. "ಒಂದ ವರ್ಷ ಜಗಳಾ ಮಾಡೀನಿ ನಿಮ್ಮ ಕೂಡ, ಮರತ್ರೇನು?"

ಗಂಗಾ ಮರೆತಿರಲಿಲ್ಲ. ಹದಿಮೂರು ವರ್ಷದಲ್ಲಿ ಒಬ್ಬರೂ ನೋಡದ ಹಾಗೆ ಯಾರೋ ಆಕೆಯನ್ನು ನೋಡುತ್ತಿದ್ದರು, ಆಕೆಗೆ ಅದನ್ನು ತಾಳಿಕೊಳ್ಳಲಾಗಲಿಲ್ಲ. ಕಣ್ಣೀರು ತಾನಾಗಿ ಇಳಿಯಿತು, ಒರೆಸಿಕೊಳ್ಳಲೂ ಇಲ್ಲ.

"ಅಳೂದಾದ್ರ ಅಳ್ರಿ, ಮುಖಾ ಅಳಗ್ಯಾಡಸಬ್ಯಾಡ್ರಿ" ಅಂದ ಆತ. ಆತನ ಕನ್ನಡಕವೂ ಮಸುಕಾಗಿತ್ತು.

ಹೊರಗೆ ಬಿಸಿಲು ಗೋಡೆಯಿಂದ ಗೋಡೆಗೆ ಸರಿಯಿತು. ಗಿರಾಕಿಗಳು ಇಬ್ಬರು ಬಂದು, ನಿಂತು, ನೋಡಿ, ನಾಳೆ ಬರುತ್ತೇವೆಂದು ಹೋದರು. ಗಂಗಾ ಓಢಣಿಗೆ ಕೈ ಹಾಕಲಿಲ್ಲ.

"ಮುಗೀತೇನ್ರಿ?"

"ಮುಗಸಾಕ ಮನಸಿಲ್ರಿ. ಮುಗಸಿದ್ರ ಕತ್ತಿ ಕಿವಿ ಬರೀಬೇಕು."

"ಹಂಗಾದ್ರ ಎಷ್ಟ ದಿನಾ ಹಿಡೀತೈತಿ?"

ಓಂಕಾರ ಕುಂಚ ಕೆಳಗಿಟ್ಟ. ಕಿವಿ ಕೆಂಪಾಗಿದ್ದು ಹಳದಿ ಬಣ್ಣದಡಿಯಲ್ಲೂ ಕಾಣುತ್ತಿತ್ತು. "ಅದು ನೀವು ಎಷ್ಟ ದಿನಾ ಎದುರಿಗೆ ಕುಂದ್ರತೀರಿ ಅನ್ನೂದರ ಮ್ಯಾಲ ಐತ್ರಿ. ಖಾನಾವಳ್ಯಾಗ ಒಂದ ಕುರ್ಚಿ ಖಾಲಿ ಐತಿ, ನಿಮಗ ಗೊತ್ತೈತಿ. ಅದು ನಿಮ್ಮದ. ಮೊದಲಿಂದ ನಿಮ್ಮದ ಇತ್ತು, ಹೇಳಾಕ ನಂಗ ಧೈರ್ಯಾ ಇರಲಿಲ್ಲ."

ಗಂಗಾ ಮೇಜಿನ ಮೇಲಿದ್ದ ಮಾದರಿ ಕಾರ್ಡನ್ನು ಎತ್ತಿ, ವಧು-ವರರ ಹೆಸರಿನ ಖಾಲಿ ಜಾಗವನ್ನು ನೋಡಿದಳು.

"ಕಾರ್ಡಿನಾಗ ಯಾರ ಹೆಸರೂ ಬಿಡಬಾರದು ನೋಡ್ರಿ" ಅಂದಳು. "ಕಾಡವ್ವಂದೂ ಬರಬೇಕು."

ಸಂಜೆಯ ಬಸ್ಸಿಗೆ ಆತ ಸ್ಟ್ಯಾಂಡಿನವರೆಗೂ ಬಂದ. ಗಂಗಾ ಕಿಟಕಿಯ ಬದಿಯಲ್ಲಿ ಕೂತಳು, ಮುಖ ಬಯಲಾಗಿಯೇ ಇತ್ತು. ಬಸ್ಸು ಹೊರಡುವ ಮೊದಲು ಓಂಕಾರ ಸರಳು ಹಿಡಿದು ನಿಂತು ಕೇಳಿದ.

"ರವಿವಾರ ಬರತೀನಿ, ಹನ್ನೊಂದಕ್ಕ. ಈ ಸಲ ಯಾವ ದಂಡಿ? ಚಿತ್ರಾ ಕಳಸ್ರಿ."

ಗಂಗಾ ಸರಳಿನ ಮೇಲಿದ್ದ ಆತನ ಬೆರಳುಗಳ ಮೇಲೆ ತನ್ನ ಬಿಳಿ ಬೆರಳುಗಳನ್ನು ಇಟ್ಟಳು.

"ಚಿತ್ರಾ ಕಳಸೂದಿಲ್ಲ. ನಾನ ಬಸ್ ಸ್ಟ್ಯಾಂಡಿಗೆ ಬಂದು ಕೈ ಹಿಡದ ಕರಕೊಂಡ ಹೋಗತೀನಿ."